ಬಲಗಡೆಯ ಮೂಗುಬೊಟ್ಟು

“ಯಾವ ಕಡೆಗಮ್ಮ?” ಎಂದು ಆಚಾರಿ ಕೇಳಿದರು.

ಮಂಡ್ಯದ ಪೇಟೆ ಬೀದಿಯ ಒಂದು ಚಿಕ್ಕ ಚಿನ್ನದಂಗಡಿ. ಅದರ ಹಿಂದಿನ ಕೋಣೆಯಲ್ಲಿ ನಾನು ಸ್ಟೂಲಿನ ಮೇಲೆ ಕೂತಿದ್ದೆ. ಆಚಾರಿ ವಯಸ್ಸಾದವರು, ಎಷ್ಟೋ ವರ್ಷದಿಂದ ಕಿವಿ ಮೂಗು ಚುಚ್ಚಿ ಪಳಗಿದ ಕೈ. ನೀಲಿ ಪೆನ್ನು ಹಿಡಿದು ನನ್ನ ಮೂಗಿನ ಮೇಲೆ ಚುಕ್ಕೆ ಇಡಲು ಕಾಯುತ್ತಿದ್ದರು. ನನಗೆ ಆಗ ಮೂವತ್ತಮೂರು. ಅಕ್ಕ ತೀರಿಕೊಂಡು ಏಳು ತಿಂಗಳಾಗಿತ್ತು.

ಎಡ ಬಲ ಗೊತ್ತಿಲ್ಲದವಳೇನಲ್ಲ ನಾನು. ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ದಿನವಿಡೀ ಶರಟಿಗೆ ಎಡತೋಳು ಬಲತೋಳು ಕೂಡಿಸುವುದೇ ನನ್ನ ಕೆಲಸ. ಆದರೂ ಆ ಹೊತ್ತಿನಲ್ಲಿ ತಲೆ ಖಾಲಿಯಾಗಿತ್ತು.

“ನಿಮ್ಮನೇಲಿ ಯಾವ ಕಡೆ ರೂಢಿ? ನಿಮ್ಮವ್ವ ಯಾವ ಕಡೆ ಆಕವ್ರೆ?”

“ಕನ್ನಡಿ ಕೊಡಿ, ನೋಡಿ ಹೇಳ್ತೀನಿ,” ಎಂದೆ.

ಅವರು ನಕ್ಕರು. “ನಿಮ್ಮವ್ವನ ಮೂಗು ನನ್ ಕನ್ನಡೀಲಿ ಎಲ್ಲವ್ವ ಕಾಣ್ತದೆ?”

ಆದರೂ ಕೊಟ್ಟರು. ನೋಡಿದೆ. ಅಕ್ಕ ನನ್ನ ಎದುರು ಕೂತು ಮಾತಾಡುವಾಗ ಅವಳ ಮೂಗುಬೊಟ್ಟು ನನ್ನ ಬಲಗೈ ಕಡೆಗೆ ಹೊಳೆಯುತ್ತಿತ್ತು. ಕನ್ನಡಿಯಲ್ಲಿ ಆ ಜಾಗ ಹುಡುಕಿ ಬೆರಳಿಟ್ಟು “ಇಲ್ಲಿ” ಎಂದೆ.

ಅದು ನನ್ನ ಬಲ ಮೂಗು. ಅಕ್ಕ ಹಾಕುತ್ತಿದ್ದುದು ಎಡಕ್ಕೆ. ನಮ್ಮ ಮನೆಯ ಹೆಂಗಸರೆಲ್ಲ ಎಡಕ್ಕೇ. ಎದುರಿಗೆ ಕೂತವರ ಎಡ ನಮಗೆ ಬಲಕ್ಕೆ ಕಾಣುತ್ತದೆ ಎನ್ನುವುದು ನಮ್ಮೂರು ಮದ್ದೂರಿನ ಬಸ್ಸು ಹತ್ತಿದ ಮೇಲೆ, ಮೂಗಿಗೆ ಕರ್ಚೀಫು ಒತ್ತಿಕೊಂಡ ಕೈ ಬಲಗೈ ಎಂದು ಗಮನಕ್ಕೆ ಬಂದಾಗ ಹೊಳೆಯಿತು. ಅಷ್ಟರಲ್ಲಿ ಕೆಲಸ ಮುಗಿದಿತ್ತು.

ಸೂಜಿ ನನಗೆ ಹೊಸದಲ್ಲ. ಕೆಲಸಕ್ಕೆ ಸೇರಿದ ವರ್ಷ ಮಿಷನ್ನಿನ ಸೂಜಿ ಹೆಬ್ಬೆರಳಿನ ಉಗುರು ತೂರಿಹೋಗಿತ್ತು. ಆಗಲೂ ಅಳಲಿಲ್ಲ. ಇಲ್ಲಿ ಆಚಾರಿ ಚುಚ್ಚಿದ ಕೂಡಲೇ ಬಲಗಣ್ಣಿನಿಂದ ಮಾತ್ರ ನೀರು ಸುರಿಯಿತು. ಎಡಗಣ್ಣು ಒಣಗಿಯೇ ಇತ್ತು. ಅಕ್ಕ ಹೋದಾಗಿನಿಂದ ನಾನು ಸರಿಯಾಗಿ ಅತ್ತಿರಲಿಲ್ಲ. ಇದನ್ನು ಅಳು ಎನ್ನಬೇಕೋ ಬೇಡವೋ ತಿಳಿಯದೆ ಒರೆಸಿಕೊಂಡೆ.

“ಮುಟ್ಟಬ್ಯಾಡ, ತಿರುಗುಸಬ್ಯಾಡ. ದಿನಕ್ಕೆ ಎಲ್ಡು ಸಲ ಉಪ್ಪುನೀರು. ಮೂರು ತಿಂಗಳು ಬೇರೇದು ಆಕಬ್ಯಾಡ,” ಎಂದು ಹೇಳಿ ಆಚಾರಿ ಒಂದು ತೆಳುವಾದ ಸಣ್ಣ ಬೊಟ್ಟು ಹಾಕಿ ಕಳಿಸಿದರು.

ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಕಂಪನಿಯ ಐಡಿ ಕಾರ್ಡಿನ ಕವರಿನೊಳಗೆ ಇನ್ನೊಂದು ಮೂಗುಬೊಟ್ಟು ಇತ್ತು. ಅಕ್ಕನದು. ಏಳು ಬಿಳಿ ಕಲ್ಲಿನದು, ದಪ್ಪ ಕಡ್ಡಿ, ಹಿಂದೆ ತಿರುಪು. ಅದನ್ನು ಹಾಕಿಕೊಳ್ಳಲೆಂದೇ ನಾನು ಚುಚ್ಚಿಸಿಕೊಂಡದ್ದು. ಅದು ನನ್ನ ಹತ್ತಿರ ಇರುವುದು ಯಾರಿಗೂ ಗೊತ್ತಿರಲಿಲ್ಲ. ಹಾಗೆಂದು ನಾನು ತಿಳಿದುಕೊಂಡಿದ್ದೆ.

*

ಅಕ್ಕನಿಗೆ ಜ್ವರ ಬಂದು ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದರು. ಮೂರನೇ ದಿನ ಸ್ಕ್ಯಾನಿಗೆ ಕರೆದುಕೊಂಡು ಹೋಗುವ ಮೊದಲು ಮೈಮೇಲಿನ ಒಡವೆಯೆಲ್ಲ ಬಿಚ್ಚಬೇಕೆಂದು ನರ್ಸ್ ಹೇಳಿದರು. ತಾಳಿ, ಓಲೆ, ಕಾಲುಂಗುರವನ್ನು ಭಾವ ತಮ್ಮ ಅಂಗಿ ಜೇಬಿಗೆ ಹಾಕಿಕೊಂಡು ಎಳನೀರು ತರಲು ಕೆಳಗೆ ಹೋದರು. ಮೂಗುಬೊಟ್ಟಿನ ತಿರುಪು ಮಾತ್ರ ಕೂತುಬಿಟ್ಟಿತ್ತು. ಹತ್ತು ವರ್ಷ ಬಿಚ್ಚದೆ ಇದ್ದದ್ದು. ಅದನ್ನು ಬಿಚ್ಚಲು ನಾನು ಕೂತೆ.

“ಲೇ, ನಿಧಾನ ಕಣೇ. ಮೂಗೇ ಕಿತ್ಕೊಂಡು ಓಯ್ತೀಯ?”

“ಅಲ್ಲಾಡಬೇಡ ಸುಮ್ನಿರು.”

“ಅದೇನು ಅಂಗೆ ತಿರುಗುಸ್ತಿದ್ದೀಯ, ಇನ್ನೂ ಬಿಗೀತದೆ. ಇನ್ನೊಂದ್ ಕಡೆಗೆ ತಿರುಗ್ಸು. ಇವಳು ಮಿಸೀನು ತುಳಿಯೋಳಂತೆ!”

ಅವಳ ಉಸಿರು ಬಿಸಿಯಾಗಿ ನನ್ನ ಬೆರಳಿಗೆ ತಾಗುತ್ತಿತ್ತು. ನಗುವಾಗ ಮೂಗು ಅರಳಿ ತಿರುಪು ಜಾರುತ್ತಿತ್ತು. ಕೊನೆಗೂ ಬಿಚ್ಚಿ ಬಂತು. ಬಿಚ್ಚಿದ ಜಾಗದಲ್ಲಿ ಎಳ್ಳುಕಾಳಿನಷ್ಟು ಕಪ್ಪು ತೂತು. ಅವಳ ಮುಖ ಬೇರೆ ಯಾರದೋ ಮುಖದ ಹಾಗೆ ಕಂಡಿತು.

ಅವಳು ಬೊಟ್ಟನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಿ, ಮತ್ತೆ ನನ್ನ ಅಂಗೈಗೆ ಒತ್ತಿ, “ಜೋಪಾನ. ಈಚೆಗೆ ಬಂದ್ಮೇಲೆ ಈಸ್ಕತೀನಿ,” ಎಂದಳು. ನಾನು ಅದನ್ನು ಐಡಿ ಕಾರ್ಡಿನ ಕವರಿಗೆ ಹಾಕಿಕೊಂಡೆ. ಬಾಗಿಲಲ್ಲಿ ಭಾವ ಎಳನೀರು ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಸ್ಕ್ಯಾನ್ ಆಗಿ ಬಂದ ಮೇಲೆ ಅವಳನ್ನು ಒಳಗಿನ ವಾರ್ಡಿಗೆ ಹಾಕಿದರು. ಅಲ್ಲಿಗೆ ನಮ್ಮನ್ನು ಬಿಡುತ್ತಿರಲಿಲ್ಲ. ಆರನೇ ದಿನ ಬೆಳಿಗ್ಗೆ ಅವಳು ಹೋದಳು.

ಮಳವಳ್ಳಿಯ ಅವಳ ಗಂಡನ ಮನೆಯ ಮುಂದೆ ಸ್ನಾನ ಮಾಡಿಸಿ, ಹೊಸ ಸೀರೆ ಉಡಿಸಿ, ಹಣೆ ತುಂಬ ಕುಂಕುಮ ಇಟ್ಟು ಕೂರಿಸಿದ್ದರು. ತಾಳಿ ಓಲೆ ಎಲ್ಲ ಮತ್ತೆ ಹಾಕಿದರು. ಆಗ ಒಬ್ಬ ಮುದುಕಿ, “ಮೂಗು ಬರಿದಾಗೈತಲ್ಲ. ಮುತ್ತೈದೆ ಬರಿ ಮೂಗಲ್ಲಿ ಓಗಬಾರದು ಕಣ್ರವ್ವ,” ಎಂದಳು.

ಅಕ್ಕನ ಅತ್ತೆ ತಮ್ಮ ಮಗನ ಕಡೆ ತಿರುಗಿದರು. “ಮೂಗ್ಬಟ್ಟು ಎಲ್ಲೋ?”

ಭಾವ ತಲೆ ಅಲ್ಲಾಡಿಸಿದರು.

“ಆಸ್ಪತ್ರೇಲಿ ಕಳದ್ಯಾ? ಅಷ್ಟೂ ನೋಡ್ಕಳಾಕೆ ಆಗ್ನಿಲ್ವಾ ನಿಂಗೆ? ಇದ್ದಾಗಂತೂ ನೋಡ್ಕಳಿಲ್ಲ, ಓಗೋವಾಗ್ಲಾದ್ರೂ…”

ಅಷ್ಟು ಜನರ ನಡುವೆ ಅವರು ತಲೆ ತಗ್ಗಿಸಿ ನಿಂತಿದ್ದರು. ಬೊಟ್ಟು ನನ್ನ ಕುತ್ತಿಗೆಯಲ್ಲೇ, ಸೆರಗಿನ ಒಳಗೇ ಇತ್ತು. ಕೈ ಹಾಕಿ ತೆಗೆದುಕೊಟ್ಟಿದ್ದರೆ ಮುಗಿಯುತ್ತಿತ್ತು. ಕೈ ಏಳಲಿಲ್ಲ. ಬಾಯಿ ಬರಲಿಲ್ಲ. ಯಾಕೆ ಎಂದು ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ಈಚೆಗೆ ಬಂದ ಮೇಲೆ ಈಸ್ಕೊಳ್ಳುತ್ತೇನೆ ಅಂದವಳು ಈಸ್ಕೊಳ್ಳಲಿಲ್ಲವಲ್ಲ, ಅದಕ್ಕೇ ಇರಬಹುದು. ಆಸೆಯೂ ಇದ್ದೀತು. ಬರೀ ಹೆದರಿಕೆಯೂ ಇದ್ದೀತು.

ಕೊನೆಗೆ ಆ ಮುದುಕಿಯೇ ಒಂದು ಮಲ್ಲಿಗೆ ಮೊಗ್ಗನ್ನು ಅರಿಸಿನದಲ್ಲಿ ಅದ್ದಿ ಅಕ್ಕನ ಮೂಗಿಗೆ ಅಂಟಿಸಿದಳು. ಹೊತ್ತುಕೊಂಡು ಹೋಗುವಾಗ ಅದು ಬಿತ್ತು. ನಾನು ನೋಡಿದೆ.

*

ಮೂಗು ಚುಚ್ಚಿಸಿಕೊಂಡು ಬಂದ ದಿನ ಅವ್ವ ನನ್ನ ಮುಖ ನೋಡಿದಳು, ಮತ್ತೆ ನೋಡಿದಳು.

“ಯಾರಮ್ಮಿ ಏಳಿದ್ದು ನಿಂಗೆ?”

“ಯಾರೂ ಇಲ್ಲ.”

“ಬಲಕ್ಕೆ ಯಾಕೆ ಚುಚ್ಚಿಸ್ದೆ? ನಮ್ಮನೇಲಿ ಎಡಕ್ಕೆ ಕಣಮ್ಮಿ.”

“ಗೊತ್ತಾಗ್ನಿಲ್ಲ.”

“ಮೂಗು ಯಾವ ಕಡೆ ಐತೆ ಅಂತ ಗೊತ್ತಾಗ್ನಿಲ್ವಾ?” ಎಂದಳು. ಬೈಯಲಿಲ್ಲ. ಅದೇ ನನಗೆ ವಿಚಿತ್ರವಾಗಿ ಕಂಡಿತು. ಚಿಕ್ಕಂದಿನಲ್ಲಿ ನನಗೂ ಅಕ್ಕನಿಗೂ ಒಟ್ಟಿಗೆ ಚುಚ್ಚಿಸಲು ಜಗಲಿಗೆ ಆಚಾರಿಯನ್ನು ಕರೆಸಿದ್ದರು. ಅಕ್ಕನದು ನೋಡಿ ನಾನು ಮಂಚದ ಕೆಳಗೆ ಸೇರಿಕೊಂಡೆ. ಎಷ್ಟು ಎಳೆದರೂ ಈಚೆಗೆ ಬರಲಿಲ್ಲ. ಮೂಗಿನಿಂದ ರಕ್ತ ಒರೆಸಿಕೊಳ್ಳುತ್ತಲೇ ಅಕ್ಕ, “ಅವಳ್ಗೆ ಬ್ಯಾಡ ಬುಡವ್ವ, ನಾನು ಚುಚ್ಚಿಸ್ಕಂಡಿವ್ನಲ್ಲ,” ಎಂದಿದ್ದಳು. ತಾನು ಚುಚ್ಚಿಸಿಕೊಂಡರೆ ಇಬ್ಬರದೂ ಆದ ಹಾಗೆ ಅಂದುಕೊಂಡಿದ್ದಳೋ ಏನೋ. ಅವತ್ತಿನಿಂದ ಅವ್ವ ಆ ಮಾತು ಎತ್ತಿರಲಿಲ್ಲ.

ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮಿಷನ್ನಿನಲ್ಲಿ ಕೂರುವವಳು ಮದ್ದೂರಿನವಳೇ, ಅವರಪ್ಪನದು ಸೈಕಲ್ ಶಾಪು. ಹದಿಮೂರು ವರ್ಷದಿಂದ ಒಂದೇ ಡಬ್ಬಿಯಿಂದ ಊಟ ಮಾಡುವ ಗೆಳತಿ. ಸೋಮವಾರ ಬೆಳಿಗ್ಗೆ ಬುರ್ಖಾ ಮಡಿಚಿ ಬ್ಯಾಗಿಗೆ ಇಡುತ್ತಾ ನನ್ನನ್ನು ನೋಡಿ ಹಾಗೆಯೇ ನಿಂತಳು.

“ಅರೆ! ಮದುವೆ ಫಿಕ್ಸಾ? ನಂಗೇ ಹೇಳಿಲ್ಲ?”

“ಮದುವೆಯೂ ಇಲ್ಲ ಏನೂ ಇಲ್ಲ.”

“ಮತ್ತೆ ಈ ವಯಸ್ಸಲ್ಲಿ ಯಾರಾದ್ರೂ ಸುಮ್ನೆ ತೂತು ಹೊಡಿಸ್ಕೋತಾರಾ?”

ಅವಳೊಬ್ಬಳೇ ಅಲ್ಲ. ಲೈನಿನ ತುದಿಯವರೆಗೂ ಅದೇ ಪ್ರಶ್ನೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲೇ ಚುಚ್ಚಿಸುತ್ತಾರೆ. ಆಗ ತಪ್ಪಿದರೆ ಗಂಡು ಗೊತ್ತಾದ ಮೇಲೆ. ಮೂವತ್ತು ದಾಟಿದವಳು ಇದ್ದಕ್ಕಿದ್ದಂತೆ ಮೂಗು ಚುಚ್ಚಿಸಿಕೊಂಡು ಬಂದರೆ ಜನ ಇನ್ನೇನು ತಿಳಿಯಬೇಕು? ಹೊಸ ಕಾಲದ ಹುಡುಗಿಯರು ಫ್ಯಾಷನ್ನಿಗೆ ಮಾಡಿಸಿಕೊಳ್ಳುತ್ತಾರೆ. ನನ್ನನ್ನು ನೋಡಿದರೆ ಹಾಗೆ ಯಾರಿಗೂ ಅನಿಸುವುದಿಲ್ಲ. ಇದೆಲ್ಲ ನನಗೆ ಮೊದಲೇ ಹೊಳೆಯಬೇಕಿತ್ತು.

ಗೆಳತಿಯೇ ನನಗೆ ಆರೈಕೆ ಕಲಿಸಿದಳು. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಶುದ್ಧ ಹತ್ತಿಯಲ್ಲಿ ಅದ್ದಿ ಒಂದು ನಿಮಿಷ ಒತ್ತಿ ಹಿಡಿಯುವುದು. ಟವೆಲಿನಿಂದ ಒರೆಸಬಾರದು, ದಾರ ಸಿಕ್ಕಿಕೊಂಡರೆ ಗತಿಯಿಲ್ಲ. ಬಲಕ್ಕೆ ಮಗ್ಗುಲಾಗಬಾರದು. ನೈಟಿಯನ್ನು ತಲೆ ಮೇಲಿಂದ ಹಾಕುವಾಗ ಮೂಗಿಗೆ ಕೈ ಅಡ್ಡ ಹಿಡಿಯಬೇಕು. ಫ್ಯಾಕ್ಟರಿಯ ಬಟ್ಟೆ ಧೂಳು ಕೂರದಂತೆ ಮಾಸ್ಕ್ ಹಾಕಬೇಕು, ಆದರೆ ಮಾಸ್ಕೇ ಬೊಟ್ಟಿಗೆ ಉಜ್ಜುತ್ತದೆ. ನೆಗಡಿ ಬಂದರೆ ಮೂಗು ಸೀಟುವುದೂ ಒಂದು ದೊಡ್ಡ ಕೆಲಸವೇ. ಮೂವತ್ತಮೂರು ವರ್ಷ ಮುಖದ ಮೇಲೆ ಮೂಗು ಇದೆ ಎಂಬುದೇ ನೆನಪಿರಲಿಲ್ಲ. ಈಗ ದಿನವಿಡೀ ಅದೇ.

ವಿಚಿತ್ರವೆಂದರೆ, ಆ ಉಪ್ಪುನೀರಿನ ಒಂದು ನಿಮಿಷ ನನಗೆ ಬೇಕೆನಿಸತೊಡಗಿತು. ಹಿತ್ತಲ ನಲ್ಲಿಯ ಬಳಿ ಸಣ್ಣ ಕನ್ನಡಿ ನೇತುಹಾಕಿ ಹತ್ತಿ ಒತ್ತಿ ಹಿಡಿದು ನಿಂತಾಗ ಯಾರೂ ಮಾತಾಡಿಸುತ್ತಿರಲಿಲ್ಲ. ಕನ್ನಡಿಯಲ್ಲಿ, ಅಕ್ಕನ ಬೊಟ್ಟು ಕಾಣುತ್ತಿದ್ದ ಜಾಗದಲ್ಲಿ, ಒಂದು ಸಣ್ಣ ಹೊಳಪು. ಕಣ್ಣು ಸ್ವಲ್ಪ ಕಿರಿದು ಮಾಡಿದರೆ ಅವಳ ಹಾಗೆಯೇ. ಹಾಗೆ ಮಾಡುವುದು ಸರಿಯೇ ಎಂದು ಗೊತ್ತಿರಲಿಲ್ಲ. ದಿನವೂ ಮಾಡಿದೆ.

*

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಅಕ್ಕನ ಬೊಟ್ಟನ್ನು ಕವರಿನಿಂದ ತೆಗೆದೆ. ಒಳಗೆ ಹೋಗಲಿಲ್ಲ. ಆಚಾರಿ ಚುಚ್ಚಿದ್ದು ತೆಳುವಾದ ಬೊಟ್ಟಿಗೆ. ಅಕ್ಕನದು ಹಳೆಯ ಕಾಲದ ದಪ್ಪ ಕಡ್ಡಿ. ಒತ್ತಿದೆ, ನೋವಾಯಿತು, ಬಿಟ್ಟೆ. ಮತ್ತೆ ಒತ್ತುತ್ತಿರುವಾಗ ಹಿಂದಿನಿಂದ ಅವ್ವ ಬಂದದ್ದು ಕನ್ನಡಿಯಲ್ಲಿ ಕಂಡಿತು.

ಅವಳು ನನ್ನ ಕೈಯಿಂದ ಬೊಟ್ಟು ತೆಗೆದುಕೊಂಡು ಬಿಸಿಲಿಗೆ ಹಿಡಿದಳು. ಅಕ್ಕನ ಮದುವೆಗೆ ಅವಳೇ ಮಾಡಿಸಿಕೊಟ್ಟಿದ್ದು. ಗುರುತು ಸಿಗದೆ ಇರುತ್ತದೆಯೇ?

“ಎಲ್ಲಿತ್ತು ಇದು?”

ನಾನು ನಲ್ಲಿಯನ್ನು ನೋಡುತ್ತಾ ನಿಂತೆ.

“ಕಳದೋಯ್ತು ಅಂದಿದ್ರಲ್ಲ. ಸಿಕ್ತಾ? ಓದ್ವಾರ ಮಳವಳ್ಳಿಗೆ ಓಗಿದ್ಯಲ್ಲ, ಬೀಗಿತ್ತಿ ಕೊಟ್ಳಾ?”

ಅಕ್ಕನ ಮಗಳಿಗೆ ಏಳು ವರ್ಷ. ಅವಳನ್ನು ನೋಡಲು ತಿಂಗಳಿಗೊಮ್ಮೆ ಮಳವಳ್ಳಿಗೆ ಹೋಗುತ್ತಿದ್ದೆ. ಹಿಂದಿನ ವಾರವೂ ಹೋಗಿದ್ದೆ. ಅವ್ವ ಕೇಳಿದ್ದಕ್ಕೆ ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಅವಳ ಮುಖ ನಿಧಾನವಾಗಿ ಬದಲಾಯಿತು. ಅಷ್ಟು ತಿಂಗಳಲ್ಲಿ ಮೊದಲ ಸಲ ಅವಳ ಮುಖ ಸಡಿಲವಾದದ್ದನ್ನು ಕಂಡೆ.

“ಬುಡು, ಏಳಬ್ಯಾಡ. ತಿಳೀತು,” ಎಂದಳು.

ಅವಳಿಗೆ ಏನು ತಿಳಿಯಿತು ಎನ್ನುವುದು ನನಗೆ ತಿಳಿಯಲಿಲ್ಲ. ಅವಳು ಬೇವಿನ ಮರದಿಂದ ಒಂದು ಎಸಳು ಕಿತ್ತು ತಂದು, ಕಡ್ಡಿಯ ತುದಿ ನುಣ್ಣಗೆ ಕೆರೆದು, ಕೊಬ್ಬರಿ ಎಣ್ಣೆ ಸವರಿ ನನ್ನ ತೂತಿಗೆ ತಾನೇ ಸೇರಿಸಿದಳು. ತೂತು ಹಿಗ್ಗಲೆಂದು ದಿನ ದಿನಕ್ಕೆ ಸ್ವಲ್ಪ ದಪ್ಪನೆಯ ಕಡ್ಡಿ. ಗೆಳತಿ ಅದನ್ನು ನೋಡಿ ಹಣೆ ಚಚ್ಚಿಕೊಂಡಳು. “ಕಡ್ಡಿ ಆಕ್ಕೊಂಡು ಕಂಪನಿಗೆ ಬತ್ತೀಯಲ್ಲೇ! ನಾಳೆ ಪೊರಕೇನೇ ಸಿಗಸ್ಕೊಂಡು ಬಾ.” ಅವಳು ಹೆದರಿದಂತೆಯೇ ಮೂಗು ಕೆಂಪಗೆ ಊದಿತು, ಪಕ್ಕದಲ್ಲಿ ಒಂದು ಗುಳ್ಳೆ ಎದ್ದಿತು. ಒಂದು ವಾರ ಕಡ್ಡಿ ಬಿಟ್ಟು ತೆಳು ಬೊಟ್ಟು ಹಾಕಿ, ಉಪ್ಪುನೀರು, ಮತ್ತೆ ಕಡ್ಡಿ. ಅವ್ವನ ಮಾತೂ ಕೇಳಿದೆ, ಗೆಳತಿಯ ಮಾತೂ ಕೇಳಿದೆ. ಯಾವುದರಿಂದ ವಾಸಿಯಾಯಿತೋ ಹೇಳಲಾರೆ.

ಅಷ್ಟರಲ್ಲಿ ಅಕ್ಕನ ಅತ್ತೆ ಮದ್ದೂರಿಗೆ ಬಂದರು. ಮುನ್ಸೂಚನೆ ಇಲ್ಲದೆ, ಕೈಯಲ್ಲಿ ಹೂವು, ಬಾಳೆಹಣ್ಣು, ತೆಂಗಿನಕಾಯಿ. ನಾನು ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟೆ. ನಡುಮನೆಯ ಮಾತು ಚೆನ್ನಾಗಿ ಕೇಳಿಸುತ್ತಿತ್ತು.

“ಮಗಾ ದಿನಾ ಚಿಕ್ಕಮ್ಮ ಚಿಕ್ಕಮ್ಮ ಅಂತದೆ. ಇವನೋ, ಅಂಗಡಿಗೆ ಓಯ್ತಾನೆ, ಬತ್ತಾನೆ, ಉಣ್ತಾನೆ. ಬಾಯೇ ಬುಡಲ್ಲ. ನಾನಿನ್ನೆಷ್ಟ್ ದಿನ ಇದ್ದೇನು ಬೀಗಿತ್ತಿ?”

“ಅದೂ ದಿಟವೇಯ.”

“ನಾವಾಗೇ ಕೇಳಾಕೆ ಬಾಯಿ ಬರ್ತಿರ್ಲಿಲ್ಲ. ಮಗಾ ನೋಡಾಕೆ ಬಂದಾಗ ನೋಡ್ದೆ, ಮೂಗು ಚುಚ್ಚಿಸ್ಕಂಡವಳೆ. ಅವಳ್ಗೂ ಮನಸೈತೆ ಅಂತ ತಿಳ್ಕಂಡೆ. ತಾನಾಗೇ ಬಾಯ್ಬಿಟ್ಟು ಏಳಾಳಾ ಹೆಣ್ಮಗಳು?”

“ನಿಮ್ಮ ಮನಸೂ ನಂಗೆ ಮೊದ್ಲೇ ಗೊತ್ತಾಯ್ತು ಬುಡಿ,” ಎಂದಳು ಅವ್ವ.

ನೀರು ಕುದಿದು ಒಲೆ ಮೇಲೆ ಚೆಲ್ಲಿತು. ಆಗ ನನಗೆ ಅರ್ಥವಾಯಿತು. ಅಕ್ಕ ಹೋದ ಮನೆಗೆ ತಂಗಿಯನ್ನು ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ಅತ್ತೆ ನನ್ನ ಮೂಗು ನೋಡಿ ನಾನು ಒಪ್ಪಿದ್ದೇನೆ ಎಂದುಕೊಂಡಿದ್ದರು. ಅವ್ವ ಬೊಟ್ಟು ನೋಡಿ, ಅತ್ತೆಯೇ ಅದನ್ನು ಕೊಟ್ಟು ನನ್ನನ್ನು ಕೇಳಿದ್ದಾರೆ ಎಂದುಕೊಂಡಿದ್ದಳು. ಇಬ್ಬರೂ ಬೊಟ್ಟಿನ ಹೆಸರು ಎತ್ತದೆ ಮಾತಾಡುತ್ತಿದ್ದರು. ಒಬ್ಬರು ಎತ್ತಿದ್ದರೂ ಸಾಕಿತ್ತು.

ಕಾಫಿ ಕೊಡುವಾಗ ಅತ್ತೆ ನನ್ನ ಗಲ್ಲ ಹಿಡಿದು ಮೂಗು ನೋಡಿದರು. “ಊದೈತಲ್ಲವ್ವ. ಅರಿಸಿನ ಹಚ್ಚು,” ಎಂದರು. ಅಷ್ಟೇ. ನಾನು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದೆ. ಮುಂದಿನ ತಿಂಗಳು ಅಕ್ಕನ ವರ್ಷದ ತಿಥಿ. ಅದು ಕಳೆದ ಮೇಲೆ ಮಾತಾಡೋಣ ಎಂದು ಅವರಿಬ್ಬರೂ ತೀರ್ಮಾನ ಮಾಡಿಕೊಂಡರು.

ಭಾವನ ಮೇಲೆ ನನಗೆ ಬೇಸರವಿರಲಿಲ್ಲ. ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಅವರದು, ತಾನಾಯಿತು ತನ್ನ ಕೆಲಸವಾಯಿತು ಎನ್ನುವ ಮನುಷ್ಯ. ಹಾಗೆಂದು ಮನಸ್ಸೂ ಇರಲಿಲ್ಲ. ಮಗು ಮಾತ್ರ ಬೇಕಿತ್ತು. ಅದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಾಗ, ಬೇಡವೆನ್ನಲು ನಾನ್ಯಾರು ಎಂದೂ ಅನಿಸುತ್ತಿತ್ತು. ಅಕ್ಕನ ಮಂಚ, ಅಕ್ಕನ ಪಾತ್ರೆ, ಅಕ್ಕನ ಬೊಟ್ಟು. ಬೊಟ್ಟು ಬೇಕೆಂದು ಇಟ್ಟುಕೊಂಡವಳು ಉಳಿದದ್ದನ್ನು ಬೇಡವೆನ್ನುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ, ಅಂದು ಅಷ್ಟು ಜನರೆದುರು ಬೈಸಿಕೊಂಡ ಮನುಷ್ಯನ ಮನೆಗೆ ಈ ಸುಳ್ಳನ್ನು ಮೂಗಿನ ಮೇಲೆ ಇಟ್ಟುಕೊಂಡು ಹೋಗುವುದು ಹೇಗೆ? ಹೇಳಲೇಬೇಕಿತ್ತು. ಹೇಳಿದರೆ ಮಗುವನ್ನು ನೋಡಲು ಬಿಡುತ್ತಾರೋ ಇಲ್ಲವೋ.

*

ತಿಥಿಗೆ ಎರಡು ವಾರ ಇರುವಾಗ ಅಕ್ಕನ ಬೊಟ್ಟು ಒಳಗೆ ಹೋಯಿತು. ಅವ್ವನೇ ತಿರುಪು ಹಾಕಿ, ನನ್ನನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅವಳೇ ಬಂದಂಗಾಯ್ತು. ಕಡೆ ಒಂದು ಬೇರೆ,” ಎಂದಳು.

ಆ ಭಾನುವಾರವೇ ಮಳವಳ್ಳಿ ಬಸ್ಸು ಹತ್ತಿದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಹೇಳಬೇಕಾದ ಮಾತನ್ನು ಕೆ.ಎಂ. ದೊಡ್ಡಿಯವರೆಗೂ ಜೋಡಿಸಿಕೊಂಡೆ. ಅಲ್ಲಿಂದ ಮುಂದೆ ಎಲ್ಲ ಮರೆತುಹೋಯಿತು. ದಾರಿಯುದ್ದಕ್ಕೂ ಬೊಟ್ಟಿನ ಭಾರ ಗೊತ್ತಾಗುತ್ತಿತ್ತು. ಅಕ್ಕ ಹತ್ತು ವರ್ಷ ಇದನ್ನು ಹೊತ್ತಿದ್ದಳು. ಒಂದು ದಿನವೂ ಹೇಳಿರಲಿಲ್ಲ.

ಬಾಗಿಲಿಗೆ ಮಗು ಓಡಿಬಂತು. ಸೊಂಟ ತಬ್ಬಿಕೊಂಡು ಮುಖ ಮೇಲೆತ್ತಿದ್ದು, ಹಾಗೆಯೇ ನಿಂತಿತು.

“ಅಜ್ಜೀ! ಅಮ್ಮನ ಮೂಗ್ಬಟ್ಟು ಸಿಕ್ತು! ಚಿಕ್ಕಮ್ಮ ಆಕ್ಕೊಂಡವ್ರೆ!” ಎಂದು ಕೂಗಿ, ಆಮೇಲೆ ಮೆತ್ತಗೆ, “ಆದ್ರೆ ಈ ಕಡೆ ಇರ್ಲಿಲ್ಲ,” ಎಂದಿತು. ಬೆರಳಿನಿಂದ ನನ್ನ ಎಡ ಮೂಗು ಮುಟ್ಟಿ, “ಇಲ್ಲಿತ್ತು,” ಎಂದಿತು.

ಅತ್ತೆ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು ಬಂದರು. ಭಾವ ನಡುಮನೆಯಲ್ಲಿ ನೆಲದ ಮೇಲೆ ಮೋಟಾರಿನ ಯಾವುದೋ ಭಾಗ ಹರಡಿಕೊಂಡು ಕೂತಿದ್ದರು. ತಲೆಯೆತ್ತಿದರು, ನೋಡಿದರು, ಮತ್ತೆ ತಗ್ಗಿಸಿದರು.

“ಎಲ್ಲಿತ್ತು ಇದು?” ಎಂದರು ಅತ್ತೆ. ಅವ್ವ ಕೇಳಿದ ಅದೇ ಪ್ರಶ್ನೆ.

“ನನ್ ಹತ್ರಾನೇ ಇತ್ತು ಅತ್ತೆ. ಆಸ್ಪತ್ರೆಲಿ ಅಕ್ಕ ನನ್ ಕೈಗೆ ಕೊಟ್ಟಿದ್ಲು.”

“ಅವತ್ತಿಂದಾನಾ?”

“ಊಂ. ಅವತ್ತು ನೀವು ಕೇಳ್ದಾಗ್ಲೂ ಇತ್ತು. ನನ್ ಕುತ್ತಿಗೇಲೇ ಇತ್ತು. ಕೊಡಾಕಾಗ್ನಿಲ್ಲ. ಭಾವ ಕಳೀಲಿಲ್ಲ ಅತ್ತೆ, ನಾನು ಇಟ್ಕಂಡಿದ್ದೆ.”

ಅತ್ತೆ ಹಾಗೆಯೇ ಗೋಡೆಗೆ ಒರಗಿ ಕೂತರು. ಆಮೇಲೆ ಎದೆಯಿಂದ ಬಂದಂತೆ ಬಂತು ಮಾತು.

“ಬರಿ ಮೂಗಲ್ಲಿ ಕಳಿಸಿದ್ವಲ್ಲೇ ಅವಳ್ನ! ಮುತ್ತೈದೆ ಮಗಳ್ನ! ನೀ ಪಕ್ಕದಲ್ಲೇ ನಿಂತಿದ್ಯಲ್ಲೇ! ಒಡಹುಟ್ಟಿದೋಳು ಮಾಡೋ ಕೆಲಸವಾ ಇದು?”

“ತಪ್ಪಾಯ್ತು.”

“ಇವನ್ನ ಊರೋರ ಮುಂದೆ ಬಾಯಿಗ್ ಬಂದಂಗೆ ಅಂದ್ನಲ್ಲೇ…”

ಬೊಟ್ಟು ಬಿಚ್ಚಿಕೊಡಲು ನೋಡಿದೆ. ತಿರುಪು ಬೆರಳಿಗೆ ಸಿಗಲಿಲ್ಲ. ಒಂದಿಷ್ಟು ಹೊತ್ತು ನನ್ನ ಪರದಾಟ ನೋಡಿ ಅತ್ತೆ, “ಬಾ ಇಲ್ಲಿ, ಅರಿದಾಕ್ಕಂಡೀಯ,” ಎಂದು ಗದರಿ ನನ್ನ ತಲೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮೊದಲು ಎಡ ಮೂಗಿಗೆ ಕೈ ಹಾಕಿದರು. ಅಲ್ಲಿ ಏನೂ ಇಲ್ಲದ್ದನ್ನು ಕಂಡು ಕೈ ಒಂದು ಗಳಿಗೆ ಅಲ್ಲಿಯೇ ನಿಂತಿತು. ಆಮೇಲೆ ಬಲಕ್ಕೆ ಬಂದರು.

ಅವರ ಬೆರಳು ನನ್ನ ಮೂಗಿನಲ್ಲಿರುವಾಗಲೇ ಉಳಿದದ್ದನ್ನೂ ಹೇಳಿದೆ. ಕಣ್ಣಿಗೆ ಕಣ್ಣು ಕೊಡಬೇಕಿರಲಿಲ್ಲ, ಅದಕ್ಕೇ ಹೇಳಲು ಆಯಿತೋ ಏನೋ.

“ಅತ್ತೆ, ನಾನು ಚುಚ್ಚಿಸ್ಕಂಡಿದ್ದು ಮದುವೆಗಲ್ಲ. ನಿಮ್ಮನೇಗೆ ಬರೋ ಮನಸಿಂದ ಅಲ್ಲ. ಮಗಾ ನೋಡಾಕೆ ಬತ್ತೀನಿ, ನೀವು ಬುಟ್ರೆ. ಅದಕ್ಕಿಂತ ನನ್ ಕೈಲಿ ಆಗಲ್ಲ.”

“ಮತ್ಯಾಕೆ ಚುಚ್ಚಿಸ್ಕಂಡೆ?”

“ಗೊತ್ತಿಲ್ಲ.”

ಬೊಟ್ಟು ಬಿಚ್ಚಿ ಬಂತು. ಅತ್ತೆ ಅದನ್ನು ಸೀರೆಗೆ ಒರೆಸಿ, ಒಳಗೆ ಹೋಗಿ, ಅಕ್ಕನ ಪಟದ ಮುಂದಿದ್ದ ಕುಂಕುಮದ ಬಟ್ಟಲಲ್ಲಿ ಇಟ್ಟರು. ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ಲೋಟ ಮಜ್ಜಿಗೆ ಇತ್ತು. ನನ್ನ ಮುಂದೆ ಇಟ್ಟರು, ಕುಡಿ ಎನ್ನಲಿಲ್ಲ. ಕುಡಿದೆ. ಊಟಕ್ಕೆ ಎಬ್ಬಿಸಲಿಲ್ಲ. ನಾನು ಹೊರಟಾಗ ಮೊರದಿಂದ ಕಣ್ಣು ತೆಗೆಯದೆ, “ತಿಥಿಗೆ ನಿಮ್ಮವ್ವನ್ನ ಕರ್ಕಂಡು ಬಾ,” ಎಂದರು. ಕ್ಷಮಿಸಿದರು ಎಂದು ನಾನು ಹೇಳುತ್ತಿಲ್ಲ.

ಭಾವ ಬಸ್ ಸ್ಟ್ಯಾಂಡಿನವರೆಗೆ ಬಂದರು. ಮಗು ಅವರ ಬೆರಳು ಹಿಡಿದು ಕಲ್ಲು ಒದೆಯುತ್ತಾ ಬರುತ್ತಿತ್ತು. ಬಸ್ಸು ಇನ್ನೂ ಬಂದಿರಲಿಲ್ಲ. ನಾನು, “ಅವತ್ತು ನನ್ನಿಂದ ನೀವು ಬೈಸ್ಕಂಡ್ರಿ,” ಎಂದೆ.

“ನಂಗೊತ್ತಿತ್ತು,” ಎಂದರು.

“ಏನು?”

“ಬಾಗಿಲಲ್ಲಿ ನಿಂತಿದ್ನಲ್ಲ ಎಳನೀರು ಇಡ್ಕಂಡು. ಅವಳು ನಿನ್ ಕೈಗೆ ಕೊಟ್ಟಿದ್ದು ನೋಡ್ದೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಅವರು ರಸ್ತೆಯ ಕಡೆ ನೋಡಿದರು. ನಿಜವಾಗಿಯೂ ಉತ್ತರ ಹುಡುಕುತ್ತಿದ್ದರು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. “ನೀ ಏಳ್ತೀಯೇನೋ ಅಂದ್ಕಂಡೆ. ಆಮೇಲೆ… ಗೊತ್ತಿಲ್ಲ ಕಣಮ್ಮ. ಬಾಯೇ ಬರ್ನಿಲ್ಲ,” ಎಂದರು.

ಬಸ್ಸು ಬಂತು. ಹತ್ತಿ ಕಿಟಕಿಯ ಬಳಿ ಕೂತೆ. ಮಗು ಕೈ ಬೀಸುತ್ತಾ, ತನ್ನ ಮೂಗು ಮುಟ್ಟಿ ತೋರಿಸಿ ಏನೋ ಕೂಗಿತು. ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ನಲ್ಲಿಯ ಹತ್ತಿರ ನನ್ನ ಮೂಗು ನೋಡಿ, “ಮುಚ್ಕತದೆ ಅಂಗೇ ಬುಟ್ರೆ,” ಎಂದಳು. ಗೆಳತಿಯೂ ಅದನ್ನೇ ಹೇಳಿದ್ದಳು. ಬೊಟ್ಟು ಇಲ್ಲದೆ ಒಂದು ವಾರ ಬಿಟ್ಟರೆ ಸಾಕು, ಚುಚ್ಚಿಸಿದ್ದೇ ಗೊತ್ತಾಗದ ಹಾಗೆ ಕೂಡಿಕೊಳ್ಳುತ್ತದೆ.

ಆಚಾರಿಯ ತೆಳು ಬೊಟ್ಟು ಹಾಕಿ ನೋಡಿದೆ. ತೂತು ಈಗ ಅದಕ್ಕೆ ದೊಡ್ಡದಾಗಿದೆ, ತಲೆ ಬಗ್ಗಿಸಿದರೆ ಜಾರಿ ಬೀಳುತ್ತದೆ. ಅಕ್ಕನದು ಇನ್ನು ನನ್ನ ಹತ್ತಿರ ಇಲ್ಲ. ತೂತು ಮುಚ್ಚಿಹೋಗುವುದು ಮಾತ್ರ ನನಗೆ ಬೇಕಿರಲಿಲ್ಲ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಹಿತ್ತಲಿಗೆ ಹೋಗಿ ಬೇವಿನ ಕಡ್ಡಿಯೊಂದನ್ನು ಮುರಿದು, ತುದಿ ಕೆರೆದು, ಎಣ್ಣೆ ಸವರಿ ಹಾಕಿಕೊಂಡೆ. ಕನ್ನಡಿಯಲ್ಲಿ ನೋಡಿದೆ. ಅಕ್ಕನ ಹಾಗೆ ಕಾಣಲಿಲ್ಲ. ಮೂಗಿನಲ್ಲಿ ಕಡ್ಡಿ ಸಿಗಿಸಿಕೊಂಡ ಒಬ್ಬ ಹೆಂಗಸು ಕಂಡಳು. ಏಳೂವರೆಯ ಬಸ್ಸಿಗೆ ಹೊತ್ತಾಗುತ್ತಿತ್ತು, ಮಾಸ್ಕ್ ಹಾಕಿಕೊಂಡು ಹೊರಟೆ.